ಎಣಿಕೆಗೆ ಸಿಗದ ನಡಿಗೆ: ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ದಿನನಿತ್ಯದ ಓಡಾಟ

2011ರ ಜನಗಣತಿ ದುಡಿಯುವವರು ಕೆಲಸದ ಸ್ಥಳಕ್ಕೆ ಎಷ್ಟು ದೂರ ಹೋಗುತ್ತಾರೆ, ಹೇಗೆ ಹೋಗುತ್ತಾರೆ ಎಂಬುದನ್ನು ದಾಖಲಿಸಿತು. ಪ್ರಕಟವಾದ ಕೋಷ್ಟಕದಲ್ಲಿರುವವರು ಬೇಸಾಯ, ಕೃಷಿ ಕೂಲಿ ಮತ್ತು ಮನೆ ಕೈಗಾರಿಕೆಗಳ ಹೊರಗಿನ ‘ಇತರೆ ಕೆಲಸಗಾರರು’ ಮಾತ್ರ. ಓದುವವರಿಗೆ ಅಲ್ಲಿ ಜಾಗವಿಲ್ಲ. 2019ರ ರಾಷ್ಟ್ರೀಯ ಕಾಲಬಳಕೆ ಸಮೀಕ್ಷೆ ಆರು ವರ್ಷ ತುಂಬಿದ ಎಲ್ಲರನ್ನೂ ಒಳಗೊಂಡಿತ್ತಾದರೂ ದಿನವನ್ನು 30 ನಿಮಿಷಗಳ ಅವಧಿಗಳಾಗಿ ವಿಂಗಡಿಸಿಕೊಂಡಿತ್ತು. ಬಸ್ಸಿಳಿದು ಎಂಟು ನಿಮಿಷ ನಡೆದದ್ದು ಅಂಥ ಅವಧಿಯೊಳಗೆ ಕರಗಿಹೋಗುತ್ತದೆ. ಈ ಲೇಖನದ ವಾದ ಇಷ್ಟು: ನಮ್ಮ ವಿಶ್ವವಿದ್ಯಾನಿಲಯಗಳ ವಿದ್ಯಾರ್ಥಿಗಳು ನಡೆಯುವುದನ್ನು ಬಿಟ್ಟಿಲ್ಲ. ಅವರ ನಡಿಗೆ ಬಸ್ಸಿನ ಲೆಕ್ಕದಲ್ಲಿ ಸೇರಿಹೋಗಿದೆ. ಪ್ರತ್ಯೇಕ ಲೆಕ್ಕವಿಲ್ಲದ್ದರಿಂದ ಅದಕ್ಕೆ ತಕ್ಕ ದಾರಿಯನ್ನು ಮಾಡಿಕೊಡುವ ಹೊಣೆಯೂ ಯಾರ ಮೇಲೂ ಬಿದ್ದಿಲ್ಲ.

ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣವನ್ನೇ ನೋಡಬಹುದು. ಅದರ ವಿಸ್ತಾರ ಸಾವಿರ ಎಕರೆಗೂ ಹೆಚ್ಚು. ಆಗಸ್ಟ್ 2021ರಲ್ಲಿ ನೇರಳೆ ಮಾರ್ಗ ಕೆಂಗೇರಿಯವರೆಗೆ ಬೆಳೆದಾಗ ಮೈಸೂರು ರಸ್ತೆಯ ಮೇಲೆ ಜ್ಞಾನಭಾರತಿ ಹೆಸರಿನ ಮೆಟ್ರೋ ನಿಲ್ದಾಣವೂ ಬಂತು. ಆದರೆ ನಿಲ್ದಾಣಕ್ಕೆ ಆವರಣದ ಹೆಸರಿದ್ದ ಮಾತ್ರಕ್ಕೆ ವಿಭಾಗಗಳು ಹತ್ತಿರ ಬರುವುದಿಲ್ಲ. ರೈಲಿಳಿದ ವಿದ್ಯಾರ್ಥಿನಿ ಆಟೋಗೆ ಹಣ ಕೊಡಬೇಕು, ಬಸ್ಸಿಗೆ ಕಾಯಬೇಕು, ಇಲ್ಲವೇ ನಡೆಯಬೇಕು. ನಡೆಯುವ ರಸ್ತೆಯಾದರೂ ಅವಳದಲ್ಲ. ಆವರಣಕ್ಕೆ ಸಂಬಂಧವೇ ಇಲ್ಲದ ವಾಹನಗಳು ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಹೋಗಲು ಅದನ್ನೇ ಹಿಡಿಯುತ್ತವೆ. ಅಕ್ಟೋಬರ್ 2022ರಲ್ಲಿ ಆವರಣದೊಳಗೆ ನಗರ ಸಾರಿಗೆ ಬಸ್ಸಿನಡಿ ಸಿಕ್ಕ ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಮುಂದೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ವಿದ್ಯಾರ್ಥಿಗಳು ಧರಣಿ ಕೂತು, ಹೊರಗಿನ ವಾಹನಗಳನ್ನು ಆವರಣದೊಳಗೆ ಬಿಡಬೇಡಿ ಎಂದು ಕೇಳಿದರು. ನಮ್ಮ ಸಾರಿಗೆ ಸಂಶೋಧನೆ ಗಂಭೀರವಾಗಿ ಓದಬೇಕಾದ ದಾಖಲೆಗಳಲ್ಲಿ ಈ ಬೇಡಿಕೆಯೂ ಒಂದು. ತಾವು ದಿನವೂ ಬಳಸುವ ರಸ್ತೆ ಯಾವುದಕ್ಕಾಗಿ ಇದೆ ಎಂದು ನಡೆಯುವವರೇ ಅಲ್ಲಿ ಹೇಳಿದ್ದಾರೆ.

ಸೈಕಲ್ಲಿನ ಕಥೆ ಬೇರೆ. ಕರ್ನಾಟಕ ಸರ್ಕಾರ 2006-07ರಲ್ಲಿ ಆರಂಭಿಸಿದ ಯೋಜನೆಯಡಿ ಎಂಟನೇ ತರಗತಿಗೆ ಬಂದ ಮಕ್ಕಳಿಗೆ ಸೈಕಲ್ ಕೊಡಲಾಗುತ್ತಿತ್ತು. ಕೋವಿಡ್ ಕಾಲದಲ್ಲಿ ಅದು ನಿಂತಿತು. ಇಂಥದೇ ಬಿಹಾರದ ಯೋಜನೆಯನ್ನು ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅಧ್ಯಯನ ಮಾಡಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಹೆಚ್ಚಿತೆಂದು ತೋರಿಸಿದ್ದಾರೆ. ಹೀಗೆ ಒಂದಿಡೀ ತಲೆಮಾರು ಸೈಕಲ್ ತುಳಿಯಲು ಕಲಿತು ಪದವಿ ತರಗತಿಗೆ ಬಂದಿದೆ, ಆದರೆ ಸೈಕಲ್ ಜೊತೆಗೆ ಬಂದಿಲ್ಲ. ದೂರ ಒಂದು ಕಾರಣ: ಪ್ರೌಢಶಾಲೆ ಪಕ್ಕದ ಊರಿನಲ್ಲಿರುತ್ತದೆ, ಸ್ನಾತಕೋತ್ತರ ಕೇಂದ್ರ ಜಿಲ್ಲಾ ಪಟ್ಟಣದಲ್ಲಿ. ಇನ್ನೊಂದು ಕಾರಣ ವಯಸ್ಸು. ಗೇರಿನ ಬೈಕಿಗೆ ಲೈಸೆನ್ಸ್ ಸಿಗುವುದು 18ಕ್ಕೆ, ಪದವಿಗೆ ಕಾಲಿಡುವುದೂ ಅದೇ ಹೊತ್ತಿಗೆ. ಅನುಕೂಲವಿದ್ದ ಮನೆಯ ಹುಡುಗ ಬೈಕಿಗೆ ಹೋಗುತ್ತಾನೆ. ಆಗ ಸೈಕಲ್ ಎಂಬುದು ಬೈಕ್ ಕೊಳ್ಳಲಾಗದವನ ಗುರುತಾಗಿಬಿಡುತ್ತದೆ. ಈ ಸಂಕೋಚವನ್ನು ನಾವು ಹಗುರವಾಗಿ ಕಾಣಬಾರದು.

ಮೈಸೂರಿನಲ್ಲಿ 2017ರ ಜೂನ್‌ನಲ್ಲಿ ಶುರುವಾದ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ವ್ಯವಸ್ಥೆ ಸುಮಾರು 450 ಸೈಕಲ್‌ಗಳೊಂದಿಗೆ ಈ ಸಂಕೋಚಕ್ಕೆ ಒಂದು ಉತ್ತರ ಕೊಟ್ಟಿತು: ಸೈಕಲ್ ಸ್ವಂತದ್ದಲ್ಲ, ಊರಿನದು. ಕುಕ್ಕರಹಳ್ಳಿ ಕೆರೆಯ ಪಕ್ಕದ ಮಾನಸಗಂಗೋತ್ರಿಯಂಥ ಮರಗಳ ವಿಶ್ವವಿದ್ಯಾನಿಲಯ ಆವರಣವಿರುವ ನಗರಕ್ಕೆ ಇದು ಒಪ್ಪುವಂಥದ್ದು. ಆದರೆ ಅಲ್ಲಿ ಸೈಕಲ್ಲನ್ನು ನಿಗದಿತ ನಿಲ್ದಾಣದಲ್ಲೇ ತೆಗೆದುಕೊಳ್ಳಬೇಕು, ನಿಲ್ದಾಣದಲ್ಲೇ ಬಿಡಬೇಕು. ಹಾಸ್ಟೆಲಿನ ಬಾಗಿಲಿಗೆ, ವಿಭಾಗದ ಮೆಟ್ಟಿಲಿಗೆ ನಿಲ್ದಾಣ ಹತ್ತಿರವಿಲ್ಲದಿದ್ದರೆ ಹತ್ತು ನಿಮಿಷದ ಸವಾರಿಗೆ ಅಷ್ಟೇ ಹೊತ್ತಿನ ನಡಿಗೆ ಸೇರಿಕೊಳ್ಳುತ್ತದೆ.

ಹೆಣ್ಣುಮಕ್ಕಳ ವಿಚಾರದಲ್ಲಿ ನಡಿಗೆಯ ಪ್ರಶ್ನೆ ಓದಿನ ಪ್ರಶ್ನೆಯೇ ಆಗಿದೆ. ದೆಹಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಬಗ್ಗೆ ಗಿರಿಜಾ ಬೋರ್ಕರ್ ನಡೆಸಿದ ಅಧ್ಯಯನದ ಪ್ರಕಾರ, ದಾರಿಯಲ್ಲಿ ಕಿರುಕುಳ ಕಡಿಮೆಯಿರಲಿ ಎಂದು ಹುಡುಗಿಯರು ತಮಗೆ ಸಿಗಬಹುದಾಗಿದ್ದ ಒಳ್ಳೆಯ ಕಾಲೇಜನ್ನೇ ಬಿಟ್ಟು ಅದಕ್ಕಿಂತ ಕೆಳಗಿನದನ್ನು ಆರಿಸಿಕೊಳ್ಳುತ್ತಾರೆ. ಕರ್ನಾಟಕದಲ್ಲಿ 11 ಜೂನ್ 2023ರಿಂದ ಶಕ್ತಿ ಯೋಜನೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರ ಟಿಕೆಟ್ ಖರ್ಚನ್ನು ತೆಗೆದುಹಾಕಿದೆ. ಇದು ದೊಡ್ಡ ಕೆಲಸ. ಆದರೆ ಪ್ರತಿ ಬಸ್ ಪ್ರಯಾಣದ ಎರಡು ತುದಿಗೂ ನಡಿಗೆ ಇರುತ್ತದೆ, ಮತ್ತು ಸಂಜೆ ಆರೂವರೆಯ ಮೇಲೆ ಗ್ರಂಥಾಲಯದಲ್ಲಿ ಕೂರುವುದೋ ಬೇಡವೋ ಎಂಬುದನ್ನು ಬಹಳ ಸಲ ತೀರ್ಮಾನಿಸುವುದು ಟಿಕೆಟ್ಟಲ್ಲ, ಬಸ್ ನಿಲ್ದಾಣದವರೆಗಿನ ದಾರಿಯ ದೀಪ.

ವಿಶ್ವವಿದ್ಯಾನಿಲಯಗಳ ನ್ಯಾಕ್ ಮೌಲ್ಯಮಾಪನದಲ್ಲಿ ‘ಹಸಿರು ಆವರಣ’ದ ಕೆಳಗೆ ವಾಹನ ನಿರ್ಬಂಧ, ಸೈಕಲ್ ಬಳಕೆ, ಪಾದಚಾರಿ ದಾರಿಗಳ ಬಗ್ಗೆ ಕೇಳಲಾಗುತ್ತದೆ. ಪುರಾವೆಯಾಗಿ ಸ್ಥಳ ಗುರುತಿರುವ ಫೋಟೋ ಸಲ್ಲಿಸಬೇಕು. ಕೇಳುವುದು ಸರಿಯೇ, ಆದರೆ ಆ ಪ್ರಶ್ನೆ ಗೇಟಿನಲ್ಲಿ ನಿಂತುಬಿಡುತ್ತದೆ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕೆನ್ನುತ್ತದೆ. ಗೇಟಿನಿಂದ ಹತ್ತಿರದ ಬಸ್ ನಿಲ್ದಾಣ, ಪಿಜಿಗಳ ಬೀದಿ, ಮೆಟ್ರೋ ಇರುವಲ್ಲಿ ಮೆಟ್ರೋವರೆಗೆ ಈ ಅಳತೆ ಎಲ್ಲೆಲ್ಲಿ ಇದೆ, ಎಲ್ಲೆಲ್ಲಿ ತಪ್ಪಿದೆ ಎಂಬ ನಕ್ಷೆಯನ್ನು ಪ್ರತಿ ವಿಶ್ವವಿದ್ಯಾನಿಲಯವೂ ಸಲ್ಲಿಸುವಂತಾಗಬೇಕು.

ಇದಕ್ಕೆ ಹೊಸ ಸಂಸ್ಥೆ ಬೇಕಿಲ್ಲ. ಭೂಗೋಳ ಮತ್ತು ಸಮಾಜಶಾಸ್ತ್ರ ವಿಭಾಗಗಳ ಕ್ಷೇತ್ರಕಾರ್ಯದ ಭಾಗವಾಗಿಯೇ ಮಾಡಬಹುದು. ‘ಯಾವುದರಲ್ಲಿ ಬರುತ್ತೀರಿ’ ಎಂದು ಕೇಳುವ ಬದಲು ಮನೆಬಾಗಿಲಿನಿಂದ ತರಗತಿಯವರೆಗಿನ ಪ್ರತಿ ತುಂಡನ್ನೂ ಬೇರೆಯಾಗಿ ಬರೆಸಬೇಕು: ಎಷ್ಟು ನಿಮಿಷ ನಡೆದಿರಿ, ಎಷ್ಟು ಹೊತ್ತು ಕಾದಿರಿ, ಎಲ್ಲಿ ರಸ್ತೆ ದಾಟಿದಿರಿ. ಬರುವ ದಾರಿ ಮತ್ತು ಹೋಗುವ ದಾರಿಯನ್ನು ಒಂದೇ ಎಂದುಕೊಳ್ಳದೆ ಎರಡನ್ನೂ ಕೇಳಬೇಕು, ಏಕೆಂದರೆ ಬೆಳಿಗ್ಗೆ ನಡೆದುಬಂದವಳು ಕತ್ತಲಾದ ಮೇಲೆ ಆಟೋ ಹಿಡಿಯುತ್ತಾಳೆ. ಜುಲೈ ಮಳೆಯಲ್ಲಿ ಒಮ್ಮೆ, ಏಪ್ರಿಲ್ ಬಿಸಿಲಿನಲ್ಲಿ ಒಮ್ಮೆ ಮಾಡಿದರೆ ಧಾರವಾಡದ ಏರು ರಸ್ತೆಗೂ ಕಲಬುರಗಿಯ ಬಯಲಿಗೂ ಒಂದೇ ಬಗೆಯ ಸೈಕಲ್ ಯೋಜನೆ ಸಲ್ಲುತ್ತದೆಯೇ ಎಂಬುದನ್ನೂ ಅದೇ ಮಾಹಿತಿಯಿಂದ ಪರೀಕ್ಷಿಸಬಹುದು.