ಚಿತ್ರದುರ್ಗ ಸೀಮೆಯಲ್ಲಿ ಸೊತ್ತಿನ ಭದ್ರತೆ: ಕೋಟೆ, ಹಗೇವು, ಉಪನಿಧಿ

ಪಾಳೆಯಗಾರರ ಇತಿಹಾಸವನ್ನು ಬರೆದವರು ಕಾಳಗಗಳಿಗೂ ವಂಶಾವಳಿಗಳಿಗೂ ಕೊಟ್ಟಷ್ಟು ಗಮನವನ್ನು, ಆ ಕಾಲದ ಜನ ತಮ್ಮ ಸೊತ್ತನ್ನು ಎಲ್ಲಿಡುತ್ತಿದ್ದರೆಂಬ ವಿಷಯಕ್ಕೆ ಕೊಟ್ಟಿಲ್ಲ. ಮಳೆ ಕಡಿಮೆಯಾಗಿ, ದಂಡಿನ ಹಾದಿಯೂ ಆಗಿದ್ದ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಇದು ಜೀವನ್ಮರಣದ ಪ್ರಶ್ನೆಯಾಗಿದ್ದಿತು. ಬಿತ್ತನೆಯ ಕಾಳು ಉಳಿದರೆ ಮನೆತನ ಉಳಿಯುತ್ತಿದ್ದಿತು. ಆದುದರಿಂದ ಸೊತ್ತಿಗೆ ಭದ್ರವಾದ ಸ್ಥಳವನ್ನು ಹೇಗೆ ಆರಿಸುತ್ತಿದ್ದರೆಂಬುದನ್ನು ನಾವು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸುವೆವು.

ಮೊದಲು ಕೋಟೆಯನ್ನು ನೋಡೋಣ. ದುರ್ಗದ ಏಳು ಸುತ್ತುಗಳೊಳಗೆ ಕಣಜಗಳೂ ಕಲ್ಲು ಕಟ್ಟಿದ ಎಣ್ಣೆಯ ಕೊಳಗಳೂ ಇವೆ. ತುಪ್ಪದ ಕೊಳವೆಂಬ ಹೆಸರು ಬೆಟ್ಟದ ಮೇಲೆ ಇಂದಿಗೂ ಉಳಿದಿದೆ. ಇದು ಅರಸನ ಉಗ್ರಾಣ. ಮುತ್ತಿಗೆಯನ್ನು ತಾಳಿಕೊಳ್ಳುವುದಕ್ಕೆ ಕೂಡಿಟ್ಟ ಸಂಗ್ರಹ. ಆದರೆ ದೊಡ್ಡ ಉಗ್ರಾಣವು ಎಲ್ಲರ ಕಣ್ಣಿಗೂ ಬೀಳುತ್ತದೆ. 1779ರಲ್ಲಿ ದುರ್ಗವು ಹೈದರಾಲಿಯ ವಶವಾದಾಗ ಕೋಟೆಯೊಡನೆ ಉಗ್ರಾಣವೂ ಗೆದ್ದವನ ಪಾಲಾಯಿತು. ಗೋಡೆ ಎಷ್ಟು ದಪ್ಪವಾಗಿದ್ದರೂ ಒಂದು ಕಿಂಡಿ ಸಾಕೆಂಬುದನ್ನು ಓಬವ್ವನ ಕಥೆಯನ್ನು ಹೇಳುತ್ತ ಬಂದ ಜನ ಚೆನ್ನಾಗಿ ಬಲ್ಲರು.

ರೈತನ ಮಾರ್ಗವು ಇದಕ್ಕೆ ವಿರುದ್ಧವಾದುದು. ದಿನಬಳಕೆಯ ಧಾನ್ಯವನ್ನು ಆತನು ಬಿದಿರಿನ ಕಣಜದಲ್ಲಿಯೂ ಮಣ್ಣಿನ ವಾಡೆಯಲ್ಲಿಯೂ ಇಡುತ್ತಿದ್ದನು; ಬಹುಕಾಲ ಉಳಿಯಬೇಕಾದ ರಾಗಿ ಜೋಳಗಳನ್ನು ಹಗೇವಿನಲ್ಲಿ ಹೂಳುತ್ತಿದ್ದನು. ಹಗೇವಿಗೆ ಮುಖ್ಯವಾದುದು ನೆಲದ ಆಯ್ಕೆ. ಒದ್ದೆಯಾದರೆ ಉಬ್ಬಿ ಒಣಗಿದರೆ ಬಿರಿಯುವ ಎರೆಭೂಮಿ ಇದಕ್ಕೆ ಸಲ್ಲದು. ನೀರು ನಿಲ್ಲದ, ಗಟ್ಟಿಯಾದ ಎತ್ತರದ ನೆಲ ಬೇಕು. ಬಾಯಿ ಕಿರಿದು, ಒಡಲು ಹಿರಿದು. ಒಳಗೆ ಹುಲ್ಲನ್ನು ಹಾಸಿ ಕಾಳು ತುಂಬಿ, ಬಾಯಿಗೆ ಚಪ್ಪಡಿಯನ್ನಿಟ್ಟು ಮಣ್ಣಿನಿಂದ ಮೆತ್ತಿದರೆ ಮೇಲೆ ನಡೆದುಹೋಗುವವನಿಗೆ ಗುರುತು ಸಿಕ್ಕುತ್ತಿರಲಿಲ್ಲ.

ಇದರ ಗುಣವು ಗುಟ್ಟಿನಲ್ಲಿ ಮಾತ್ರ ಇದ್ದುದಲ್ಲ. ಮುಚ್ಚಿದ ಗುಂಡಿಯಲ್ಲಿ ಕಾಳೂ ಹುಳುವೂ ಉಸಿರಾಡಿ ಆಮ್ಲಜನಕವು ಕುಗ್ಗುತ್ತದೆ, ಇಂಗಾಲದ ಡೈಆಕ್ಸೈಡು ಹೆಚ್ಚುತ್ತದೆ. ಹುಳು ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಕಾಳನ್ನು ಕಾಯ್ದ ಗಾಳಿಯೇ ಮನುಷ್ಯನನ್ನು ಕೊಲ್ಲಬಲ್ಲುದು. ಬಾಯಿ ತೆರೆದು ಗಾಳಿಯಾಡಿಸದೆ ಇಳಿದವರು ಉಸಿರು ಕಟ್ಟಿ ಮಡಿದದ್ದುಂಟು. ಗುಟ್ಟಿಗೆ ಮತ್ತೊಂದು ದೋಷವಿದ್ದಿತು. ತಿಳಿದವನೊಬ್ಬನೇ ಆಗಿದ್ದು ಆತನು ರೋಗದಿಂದಲೋ ಕಾಳಗದಲ್ಲೋ ಸತ್ತರೆ, ಹಸಿದ ಮಕ್ಕಳು ತುಂಬಿದ ಹಗೇವಿನ ಮೇಲೆಯೇ ನಿಂತಿದ್ದರೂ ಅದು ಅವರಿಗೆ ಇಲ್ಲದಂತೆಯೇ ಸರಿ. 1876-78ರ ಮಹಾಕ್ಷಾಮದಂಥ ಕಾಲದಲ್ಲಿ ಈ ಮಾತಿನ ತೂಕವು ತಿಳಿಯುತ್ತದೆ.

ಬಚ್ಚಿಟ್ಟುದಕ್ಕೆ ಸಾಕ್ಷಿಯಿಲ್ಲವೆಂಬ ಈ ಕೊರತೆಗೆ, ಸೊತ್ತನ್ನು ಬೇರೊಬ್ಬನ ವಶಕ್ಕೆ ಕೊಡುವುದು ಪರಿಹಾರ. ಆಗ ನ್ಯಾಯದ ಪ್ರಶ್ನೆ ಹುಟ್ಟುತ್ತದೆ. ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರದಲ್ಲಿ ಇದು ವಿಚಾರಿತವಾಗಿದೆ. ಎಣಿಸಿ ಕೊಟ್ಟದ್ದು ನಿಕ್ಷೇಪ. ಒಳಗೇನಿದೆಯೆಂದು ಹೇಳದೆ ಮುದ್ರೆಯೊತ್ತಿ ಕೊಟ್ಟದ್ದು ಉಪನಿಧಿ. ಉಪನಿಧಿಯನ್ನು ಪಡೆದಂತೆಯೇ ಹಿಂದಿರುಗಿಸಬೇಕು. ಅರಸನಿಂದಲೋ ದೈವದಿಂದಲೋ ಕಳ್ಳರಿಂದಲೋ ನಷ್ಟವಾದರೆ ಇಟ್ಟುಕೊಂಡವನು ಹೊಣೆಯಲ್ಲ. ಕೇಳಿದಾಗ ಕೊಡದೆ ಆಮೇಲೆ ನಷ್ಟವಾದರೆ ಹೊಣೆಗಾರನು.

ಇಂದಿನ ಬ್ಯಾಂಕಿನ ಲಾಕರು ಉಪನಿಧಿಯನ್ನೇ ನೆನಪಿಗೆ ತರುತ್ತದೆ. ಒಳಗೇನಿದೆಯೆಂಬುದು ಬ್ಯಾಂಕಿಗೆ ತಿಳಿಯದು. ಆದರೆ ನ್ಯಾಯವು ಒಂದು ಹೆಜ್ಜೆ ಮುಂದೆ ಹೋಗಿದೆ. 2021ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಲಾಕರಿನ ವಿಷಯದಲ್ಲಿ ಬ್ಯಾಂಕು ಕೈತೊಳೆದುಕೊಳ್ಳಲಾಗದೆಂದು ತೀರ್ಪಿತ್ತಿತು. ಅದರ ಮೇಲೆ ರಿಸರ್ವ್ ಬ್ಯಾಂಕು ಹೊರಡಿಸಿ 2022ರ ಜನವರಿ 1ರಿಂದ ಜಾರಿಗೆ ತಂದ ನಿಯಮಗಳಂತೆ ಬೆಂಕಿ, ಕಳವು, ಕಟ್ಟಡದ ಕುಸಿತ, ನೌಕರರ ವಂಚನೆಗಳಿಂದಾದ ನಷ್ಟಕ್ಕೆ ಬ್ಯಾಂಕು ವಾರ್ಷಿಕ ಬಾಡಿಗೆಯ ನೂರರಷ್ಟರವರೆಗೆ ಹೊಣೆ. ದೈವಕ್ಕೆ ಇದ್ದ ವಿನಾಯಿತಿ ಬಹುಮಟ್ಟಿಗೆ ಉಳಿದಿದೆ. ಕಳ್ಳನ ಹೆಸರಿನ ವಿನಾಯಿತಿ ಹೋಗಿದೆ.

ನಗರಗಳಲ್ಲಿ ಮನೆಯ ಸಾಮಾನುಗಳನ್ನು ಬಾಡಿಗೆಯ ಕೋಣೆಗಳಲ್ಲಿಡುವ ಪದ್ಧತಿ ಈಗ ಬೆಳೆಯುತ್ತಿದೆ. ಅಲ್ಲಿಯೂ ಪರೀಕ್ಷೆ ಹಳೆಯದೇ: ನೆಲ ಒಣಗಿದೆಯೆ? ಬಾಯಿ ಭದ್ರವೆ? ನಾವಿಲ್ಲವಾದರೆ ನಮ್ಮವರಿಗೆ ತಿಳಿಯುವುದೆ? ಕಳೆದರೆ ಯಾರು ಹೊಣೆ? ಮೊದಲಿನ ಎರಡಕ್ಕೆ ಉತ್ತರವನ್ನು ಹಗೇವು ತೋಡಿದ ರೈತನು ಕಂಡುಕೊಂಡಿದ್ದನು. ಉಳಿದೆರಡಕ್ಕೆ ಕೋಟೆಯ ಕಲ್ಲು ಉತ್ತರ ಕೊಡಲಾರದು. ಸಾಕ್ಷಿಯೂ ನ್ಯಾಯವೂ ಕೊಡಬೇಕು.