ಎಂಟು ರಾಣಿಯರು ಮತ್ತು ಒಂದು ಷರತ್ತು

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಹೊಸ ಕೋರ್ಸ್ ಶುರುವಾದಾಗ ಮೊದಲ ದಿನವೇ ವಿದ್ಯಾರ್ಥಿಗಳ ಕೈಗೆ ಸಿಲೆಬಸ್ ಬರುತ್ತದೆ. ಅದರಲ್ಲಿ ಪಾಠಗಳ ಪಟ್ಟಿಗಿಂತ ಷರತ್ತುಗಳ ಪಟ್ಟಿಯೇ ಉದ್ದವಾಗಿರುವುದುಂಟು. ಓದಿಕೊಂಡು ತರಗತಿಗೆ ಬರಬೇಕು, ತಡವಾಗಿ ಕೊಟ್ಟ ಕೆಲಸಕ್ಕೆ ಅಂಕ ಕಡಿತ, ಬರೆದ ಪ್ರೋಗ್ರಾಂ ನಿಮ್ಮದೇ ಆಗಿರಬೇಕು, ಯಾರಿಂದ ಯಾವ ಸಹಾಯ ಪಡೆದರೂ ಅವರ ಹೆಸರು ಬರೆಯಬೇಕು. ಬಹುಪಾಲು ವಿದ್ಯಾರ್ಥಿಗಳು ಇದನ್ನು ಬಸ್ ಟಿಕೆಟ್ಟಿನ ಹಿಂಬದಿಯ ಬರಹದಂತೆ ನೋಡುತ್ತಾರೆ. ಅದು ಇದೆ ಎಂದು ಗೊತ್ತು, ಓದುವವರು ಇಲ್ಲ.

ಕಂಪ್ಯೂಟರ್ ವಿಜ್ಞಾನದ ಒಂದು ವಿಷಯದಲ್ಲಿ ಮಾತ್ರ ಈ ಹಾಳೆಯನ್ನು ಹಾಗೆ ಪಕ್ಕಕ್ಕಿಡಲು ಆಗುವುದಿಲ್ಲ. ಅದರ ಹೆಸರು ಕನ್‌ಸ್ಟ್ರೇಂಟ್ ಪ್ರೊಸೆಸಿಂಗ್, ಅಂದರೆ ನಿರ್ಬಂಧಗಳ ಸಂಸ್ಕರಣೆ. ಷರತ್ತುಗಳನ್ನೇ ಅಧ್ಯಯನ ಮಾಡುವ ಶಾಸ್ತ್ರ ಇದು. 'ಯಾರಿಂದ ಪಡೆದಿರಿ ಎಂದು ಹೇಳಿ' ಎಂಬ ಆ ಕೊನೆಯ ಷರತ್ತು ಯಾಕೆ ಬೇಕು ಎನ್ನುವುದಕ್ಕೆ ಉತ್ತರ ಈ ಶಾಸ್ತ್ರದ ಚರಿತ್ರೆಯೊಳಗೇ ಇದೆ.

ಮೊದಲು ವಿಷಯವೇನೆಂದು ನೋಡೋಣ. ಕಾಲೇಜಿನ ಪರೀಕ್ಷಾ ವೇಳಾಪಟ್ಟಿಯನ್ನು ನೆನಪಿಸಿಕೊಳ್ಳಿ. ಪ್ರತಿ ವಿಷಯಕ್ಕೆ ಒಂದು ದಿನ, ಒಂದು ಕೋಣೆ ಬೇಕು. ಒಬ್ಬನೇ ವಿದ್ಯಾರ್ಥಿಗೆ ಒಂದೇ ಹೊತ್ತಿನಲ್ಲಿ ಎರಡು ಪರೀಕ್ಷೆ ಬರಬಾರದು. ಕೋಣೆಯಲ್ಲಿ ಹಿಡಿಯುವಷ್ಟೇ ಜನ ಕೂರಬೇಕು. ಇಲ್ಲಿ ತುಂಬಬೇಕಾದ ಜಾಗಗಳಿವೆ, ಪ್ರತಿ ಜಾಗಕ್ಕೂ ಸಾಧ್ಯವಾದ ಆಯ್ಕೆಗಳಿವೆ, ಆಯ್ಕೆಗಳ ನಡುವೆ ಕಟ್ಟುಪಾಡುಗಳಿವೆ. ಎಲ್ಲ ಕಟ್ಟುಪಾಡುಗಳಿಗೂ ಒಪ್ಪುವ ಜೋಡಣೆಯನ್ನು ಹುಡುಕುವುದು, ಅಥವಾ ಅಂಥದ್ದು ಇಲ್ಲವೇ ಇಲ್ಲ ಎಂದು ತೋರಿಸುವುದು, ಈ ಶಾಸ್ತ್ರದ ಕೆಲಸ.

ಇದನ್ನು ಕಲಿಸುವವರು ಸಾಮಾನ್ಯವಾಗಿ ಎತ್ತಿಕೊಳ್ಳುವ ಮೊದಲ ಲೆಕ್ಕಗಳಲ್ಲಿ ಒಂದು ಎಂಟು ರಾಣಿಯರದು. ನಮ್ಮ ಹಿರಿಯರು ಚದುರಂಗದಲ್ಲಿ ಮಂತ್ರಿ ಎನ್ನುತ್ತಿದ್ದ ಕಾಯಿಯೇ ಪಶ್ಚಿಮದಲ್ಲಿ ರಾಣಿ. ಅದು ಅಡ್ಡ, ಉದ್ದ, ಓರೆ ಎಲ್ಲ ದಿಕ್ಕಿನಲ್ಲೂ ಎಷ್ಟು ದೂರ ಬೇಕಾದರೂ ಹೊಡೆಯುತ್ತದೆ. ಚದುರಂಗದ 64 ಮನೆಗಳಲ್ಲಿ ಎಂಟು ರಾಣಿಯರನ್ನು, ಯಾರೂ ಯಾರ ದಾರಿಗೂ ಬೀಳದಂತೆ ನಿಲ್ಲಿಸಬೇಕು. ಎಷ್ಟು ರೀತಿಯಲ್ಲಿ ಸಾಧ್ಯ? ಕಣ್ಣುಮುಚ್ಚಿ ಎಂಟು ಮನೆಗಳನ್ನು ಆರಿಸುತ್ತಾ ಹೋದರೆ 442 ಕೋಟಿಗೂ ಹೆಚ್ಚು ಜೋಡಣೆಗಳನ್ನು ಪರೀಕ್ಷಿಸಬೇಕಾಗುತ್ತದೆ. ಆದರೆ ಒಂದೊಂದೇ ಸಾಲಿನಲ್ಲಿ ಒಬ್ಬೊಬ್ಬಳನ್ನು ಇಡುತ್ತಾ, ಜಗಳ ಕಂಡ ತಕ್ಷಣ ಒಂದು ಹೆಜ್ಜೆ ಹಿಂದೆ ಬಂದು ಬೇರೆ ಮನೆ ನೋಡಿದರೆ, ಖಾಲಿ ಮಣೆಯನ್ನೂ ಸೇರಿಸಿ ಒಟ್ಟು 2,057 ಸ್ಥಿತಿಗಳನ್ನು ದಾಟಿದರೆ ಸಾಕು. ಉತ್ತರ 92. ಮಣೆಯನ್ನು ತಿರುಗಿಸಿದಾಗ, ಕನ್ನಡಿಯಲ್ಲಿ ನೋಡಿದಾಗ ಒಂದೇ ಆಗುವವನ್ನು ಒಟ್ಟುಗೂಡಿಸಿದರೆ ಮೂಲದಲ್ಲಿ 12. ಹೀಗೆ ಹಿಂದೆ ಸರಿಯುವ ವಿಧಾನಕ್ಕೆ 'ಬ್ಯಾಕ್‌ಟ್ರ್ಯಾಕ್' ಎಂದು 1950ರ ದಶಕದಲ್ಲಿ ಹೆಸರಿಟ್ಟವನು ಅಮೆರಿಕದ ಗಣಿತಜ್ಞ ಡಿ. ಎಚ್. ಲೆಹ್ಮರ್.

ಲೆಕ್ಕ ಮಾತ್ರ ಅದಕ್ಕಿಂತ ನೂರು ವರ್ಷ ಹಳೆಯದು. 1848ರಲ್ಲಿ ಜರ್ಮನಿಯ ಮ್ಯಾಕ್ಸ್ ಬೆಟ್ಸೆಲ್ ಎಂಬ ಚದುರಂಗದ ಆಟಗಾರ ಬರ್ಲಿನ್ನಿನ ಚದುರಂಗ ಪತ್ರಿಕೆಯೊಂದರಲ್ಲಿ ಇದನ್ನು ಓದುಗರ ಮುಂದಿಟ್ಟ. ಎರಡು ವರ್ಷದ ಬಳಿಕ, 1850ರ ಜೂನ್‌ನಲ್ಲಿ, ಫ್ರಾಂಟ್ಸ್ ನೌಕ್ ಎಂಬಾತ ಲೈಪ್‌ಸಿಗ್‌ನ ಜನಪ್ರಿಯ ಸಚಿತ್ರ ವಾರಪತ್ರಿಕೆಯಲ್ಲಿ ಅದೇ ಪ್ರಶ್ನೆಯನ್ನು ಮತ್ತೆ ಎತ್ತಿದ. ಮೊದಲು 60 ಉತ್ತರಗಳಿವೆ ಎಂದ. ಆ ಪತ್ರಿಕೆಯ ಓದುಗರಲ್ಲಿ ಒಬ್ಬ ಅಸಾಮಾನ್ಯನಿದ್ದ. ಅವನೇ ಕಾರ್ಲ್ ಫ್ರೆಡ್ರಿಕ್ ಗೌಸ್, ಆ ಕಾಲದ ಅತಿ ದೊಡ್ಡ ಗಣಿತಜ್ಞ. ಆಗ ಅವನಿಗೆ 73 ವರ್ಷ. ಅದೇ ಸೆಪ್ಟೆಂಬರ್‌ನಲ್ಲಿ ತನ್ನ ಗೆಳೆಯ, ಖಗೋಳಜ್ಞ ಶೂಮಾಕರ್‌ಗೆ ಬರೆದ ಪತ್ರದಲ್ಲಿ ತನಗೆ 76 ಉತ್ತರ ಸಿಕ್ಕಿದೆ ಎಂದ. ಆಮೇಲೆ ನೋಡಿದರೆ ಅದರಲ್ಲಿ ನಾಲ್ಕು ತಪ್ಪು. ಅವನ್ನು ತೆಗೆದು 72ಕ್ಕೆ ಇಳಿಸಿದ. ಪೂರ್ತಿ 92ನ್ನು ಅದೇ ತಿಂಗಳು ಅಚ್ಚಿನಲ್ಲಿ ಕೊಟ್ಟವನು ನೌಕ್.

ನಡೆದದ್ದು ಇಷ್ಟು. ಮುಂದೆ ಪುಸ್ತಕಗಳಲ್ಲಿ ಉಳಿದದ್ದು ಬೇರೆ. 'ಎಂಟು ರಾಣಿಯರ ಸಮಸ್ಯೆಯನ್ನು ಗೌಸ್ ಒಡ್ಡಿದ', 'ಗೌಸ್ ಬಿಡಿಸಿದ' ಎಂಬ ಮಾತುಗಳು ಒಂದು ಪುಸ್ತಕದಿಂದ ಇನ್ನೊಂದಕ್ಕೆ ಹರಿದವು. ಪ್ರಶ್ನೆ ಕೇಳಿದ ಬೆಟ್ಸೆಲ್ ಮಸುಕಾದ. 92ನ್ನು ಮುಟ್ಟಿದ ನೌಕ್ ಅಡಿಟಿಪ್ಪಣಿಗೆ ಸರಿದ. ಇದರಲ್ಲಿ ಯಾರ ಕುತಂತ್ರವೂ ಇರಲಿಲ್ಲ. ಗೌಸ್ ಅಂತೂ ಯಾರ ಹಕ್ಕನ್ನೂ ಕಸಿದುಕೊಳ್ಳಲಿಲ್ಲ. ಅವನು ಬರೆದದ್ದು ಖಾಸಗಿ ಪತ್ರ, ತಪ್ಪಾದಾಗ ತಪ್ಪಾಯಿತೆಂದೂ ಹೇಳಿದ್ದ. ಆದರೆ ದೊಡ್ಡ ಹೆಸರಿಗೆ ಒಂದು ಸೆಳೆತವಿರುತ್ತದೆ. ಹತ್ತಿರ ಸುಳಿದದ್ದೆಲ್ಲ ಅದಕ್ಕೇ ಅಂಟಿಕೊಳ್ಳುತ್ತದೆ. ನಂತರದವರು ಮೂಲ ನೋಡದೆ, ಹಿಂದಿನವರು ಬರೆದದ್ದನ್ನೇ ಬರೆದರು. 1977ರಲ್ಲಿ ಪಾಲ್ ಕ್ಯಾಂಬೆಲ್ ಎಂಬ ಗಣಿತಜ್ಞ ಹಳೆಯ ಪತ್ರಗಳನ್ನೂ ಪತ್ರಿಕೆಗಳನ್ನೂ ತಾಳೆ ನೋಡಿ, ಗಣಿತದ ಚರಿತ್ರೆಯ ಒಂದು ನಿಯತಕಾಲಿಕದಲ್ಲಿ ಈ ತಪ್ಪಿನ ಪಯಣವನ್ನು ಬಿಡಿಸಿಟ್ಟ. ಚರಿತ್ರೆಯ ತಪ್ಪುಗಳು ಹೇಗೆ ಹರಡುತ್ತವೆ ಎನ್ನುವುದಕ್ಕೆ ಇದೊಂದು ಪುಟ್ಟ ಮಾದರಿ ಎಂದು ತಲೆಬರಹದಲ್ಲೇ ಸೂಚಿಸಿದ.

ಅದೇ 1977ರಲ್ಲಿ, ಇದರ ಸಂಬಂಧವೇ ಇಲ್ಲದೆ, ನಿರ್ಬಂಧಗಳ ಶಾಸ್ತ್ರದಲ್ಲಿ ಇನ್ನೊಂದು ಲೇಖನ ಬಂತು. ಅದರ ಹಿನ್ನೆಲೆ ಹೀಗೆ. ಎಂಐಟಿಯ ಡೇವಿಡ್ ವಾಲ್ಟ್ಸ್ 1972ರಲ್ಲಿ ತನ್ನ ಪಿಎಚ್.ಡಿ. ಪ್ರಬಂಧಕ್ಕಾಗಿ, ರೇಖಾಚಿತ್ರದ ಗೆರೆಗಳನ್ನು ಕಂಪ್ಯೂಟರ್ ಅರ್ಥಮಾಡಿಕೊಳ್ಳುವುದು ಹೇಗೆ ಎಂದು ಹುಡುಕುತ್ತಿದ್ದ. ಯಾವ ಗೆರೆ ಅಂಚು, ಯಾವುದು ನೆರಳು? ಅಕ್ಕಪಕ್ಕದ ಮೂಲೆಗಳು ಒಂದಕ್ಕೊಂದು ಹೊಂದದ ಅರ್ಥಗಳನ್ನು ಪರಸ್ಪರ ಅಳಿಸುತ್ತಾ ಹೋದರೆ, ಹಲವು ಸಲ ಒಂದೇ ಅರ್ಥ ಉಳಿಯುತ್ತದೆ ಎಂದು ಅವನಿಗೆ ಕಂಡಿತು. ಹುಡುಕುವ ಕೆಲಸವೇ ಬಹುಪಾಲು ತಪ್ಪಿತು. 1974ರಲ್ಲಿ ಇಟಲಿಯ ಉಗೊ ಮೊಂಟನಾರಿ ನಿರ್ಬಂಧಗಳ ಜಾಲಕ್ಕೆ ಗಣಿತದ ಚೌಕಟ್ಟು ಕೊಟ್ಟ. 1977ರಲ್ಲಿ ಕೆನಡಾದ ಆಲನ್ ಮ್ಯಾಕ್‌ವರ್ತ್ ಈ ಎಳೆಗಳನ್ನು ಒಟ್ಟಿಗೆ ಹೆಣೆದ. ತನ್ನ ಲೇಖನದಲ್ಲಿ ಎಸಿ-1, ಎಸಿ-2, ಎಸಿ-3 ಎಂದು ಮೂರು ವಿಧಾನಗಳನ್ನು ಸಾಲಾಗಿ ಇಟ್ಟ. ವಾಲ್ಟ್ಸ್‌ನ ಉಪಾಯಕ್ಕೆ ಅದರಲ್ಲಿ ಎಸಿ-2ರ ಜಾಗ. ಇಂದು ಎಲ್ಲ ಪಠ್ಯಪುಸ್ತಕಗಳಲ್ಲೂ ಕಾಣುವುದು ಎಸಿ-3. ಆದರೆ ಅದರ ಸಂಖ್ಯೆಯೇ ತನಗೆ ಮುಂಚೆ ಇಬ್ಬರಿದ್ದರು ಎಂದು ಸಾರುತ್ತದೆ.

ಈ ಎರಡು ಕಥೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿ. ಒಂದರಲ್ಲಿ ಮೂಲ ಹೇಳದೆ ನಕಲಾದ ವಾಕ್ಯ, ನೂರಕ್ಕೂ ಹೆಚ್ಚು ವರ್ಷಗಳ ಗೊಂದಲ. ಇನ್ನೊಂದರಲ್ಲಿ ಪಡೆದದ್ದನ್ನು ಹೆಸರಿಟ್ಟು ಹೇಳಿದ್ದರಿಂದ, ಮುಂದೆ ಬಂದವನಿಗೆ ಹಿಂದಿನ ಮೆಟ್ಟಿಲು ಎಲ್ಲಿತ್ತು ಎಂಬುದು ಸ್ಪಷ್ಟ. ವಾಲ್ಟ್ಸ್‌ನ ಮೂಲೆಗಳು ಪಕ್ಕದ ಮೂಲೆಯನ್ನು ಕೇಳಿ ತಪ್ಪನ್ನು ಅಳಿಸಿದವು. ರಾಣಿಯರ ಕಥೆ ಬರೆದವರು ಪಕ್ಕದವರನ್ನು ಕೇಳಿ ತಪ್ಪನ್ನು ಹರಡಿದರು. ವ್ಯತ್ಯಾಸ ಇಷ್ಟೇ: ಮೂಲೆಗಳು ತಾಳೆ ನೋಡುತ್ತಿದ್ದವು.

ಆದ್ದರಿಂದ ಸಿಲೆಬಸ್‌ನ ಆ ಷರತ್ತನ್ನು ಕಳ್ಳರನ್ನು ಹಿಡಿಯುವ ಬಲೆಯೆಂದು ಮಾತ್ರ ಓದಿದರೆ ಅರ್ಧ ಓದಿದಂತೆ. ಹಾಗೆ ಅನ್ನಿಸುವುದಕ್ಕೆ ವಿಶ್ವವಿದ್ಯಾಲಯಗಳೂ ಕಾರಣ. ಎಷ್ಟೋ ಕಡೆ ಈ ನಿಯಮವನ್ನು ಶಿಕ್ಷೆಯ ಭಾಷೆಯಲ್ಲಿ ಮಾತ್ರ ಬರೆದಿರುತ್ತಾರೆ. ಕೆಲವರು ಇನ್ನೂ ಮುಂದೆ ಹೋಗಿ, ಸಹಪಾಠಿಗಳ ಜೊತೆ ಲೆಕ್ಕದ ಬಗ್ಗೆ ಮಾತಾಡುವುದೇ ತಪ್ಪು ಎನ್ನುತ್ತಾರೆ. ಅದು ಈ ಶಾಸ್ತ್ರದ ಚರಿತ್ರೆಗೇ ವಿರುದ್ಧ. ಬೆಟ್ಸೆಲ್ ಕೇಳದಿದ್ದರೆ ನೌಕ್ ಇಲ್ಲ, ನೌಕ್ ಬರೆಯದಿದ್ದರೆ ಗೌಸ್ ಕೈಹಾಕುತ್ತಿರಲಿಲ್ಲ. ಈ ಲೆಕ್ಕ ಬೆಳೆದದ್ದೇ ಪತ್ರಿಕೆಯ ಅಂಕಣಗಳಲ್ಲಿ, ಗೆಳೆಯರ ಕಾಗದಗಳಲ್ಲಿ. 'ಎಲ್ಲರೊಂದಿಗೂ ಮಾತಾಡಿ, ಬರೆಯುವಾಗ ನೀವೇ ಬರೆಯಿರಿ, ಯಾರೊಂದಿಗೆ ಮಾತಾಡಿದಿರೆಂದು ಹೇಳಿ' ಎನ್ನುವ ನಿಯಮವೇ ಹೆಚ್ಚು ನ್ಯಾಯವಾದದ್ದು. ಅದು ಸಹಾಯವನ್ನು ತಡೆಯುವುದಿಲ್ಲ, ಸಹಾಯ ಕಾಣೆಯಾಗುವುದನ್ನು ತಡೆಯುತ್ತದೆ.

ಇವತ್ತು ಈ ಮಾತಿಗೆ ತೂಕ ಹೆಚ್ಚಿದೆ. ಎಂಟು ರಾಣಿಯರ ಪ್ರೋಗ್ರಾಂ ಬರೆದುಕೊಡು ಎಂದರೆ ಎಐ ಕ್ಷಣಾರ್ಧದಲ್ಲಿ ಬರೆದುಕೊಡುತ್ತದೆ, 92 ಎಂಬ ಉತ್ತರವನ್ನೂ ಕೊಡುತ್ತದೆ. ಹಾಗಾದರೆ ಆ ಲೆಕ್ಕ ಕೊಡುವುದೇ ವ್ಯರ್ಥವೇ? ಉತ್ತರವೇ ಬೇಕಾಗಿದ್ದರೆ 1850ರ ನಂತರ ಯಾರೂ ಅದನ್ನು ಮುಟ್ಟಬೇಕಾಗಿರಲಿಲ್ಲ. ಆದರೂ 1971ರಲ್ಲಿ ನಿಕ್ಲಾಸ್ ವಿರ್ತ್, ಪ್ರೋಗ್ರಾಂ ಒಂದನ್ನು ಹಂತಹಂತವಾಗಿ ಕಟ್ಟುವುದು ಹೇಗೆಂದು ತೋರಿಸಲು ಇದೇ ಲೆಕ್ಕವನ್ನು ಆರಿಸಿಕೊಂಡ. ಉತ್ತರ ಎಲ್ಲರಿಗೂ ಗೊತ್ತಿದ್ದ ಲೆಕ್ಕವಾದ್ದರಿಂದಲೇ ಗಮನ ದಾರಿಯ ಕಡೆಗೆ ಹೋಗುತ್ತದೆ. ಎಷ್ಟು ಸಲ ಪರೀಕ್ಷಿಸಿದಿರಿ, ಎಲ್ಲಿ ಹಿಂದೆ ಬಂದಿರಿ, ಯಾವ ಆಯ್ಕೆಯನ್ನು ಮೊದಲೇ ಅಳಿಸಬಹುದಿತ್ತು ಎಂದು ಒಳ್ಳೆಯ ಅಧ್ಯಾಪಕರು ಕೇಳುವುದು ಇದನ್ನೇ.

ಒಂದು ಪುಟ್ಟ ಕಲ್ಪನೆ ಮಾಡೋಣ. ಅಂಥ ತರಗತಿಗೆ ಇಬ್ಬರು ವಿದ್ಯಾರ್ಥಿಗಳು ಉತ್ತರಪತ್ರಿಕೆ ತರುತ್ತಾರೆ. ಒಬ್ಬನದು 92. ಸರಿಯಾಗಿದೆ, ಆದರೆ ಎಲ್ಲಿಂದ ಬಂತೆಂದು ಅದರಲ್ಲಿಲ್ಲ, ಕೇಳಿದರೆ ಅವನಿಗೂ ಗೊತ್ತಿಲ್ಲ. ಇನ್ನೊಬ್ಬನದು 72. ಜೊತೆಗೆ ಒಂದು ಸಾಲು: ಪ್ರಶ್ನೆಯನ್ನು ಪತ್ರಿಕೆಯಲ್ಲಿ ಓದಿದೆ, ಮೊದಲು 76 ಸಿಕ್ಕಿತ್ತು, ನಾಲ್ಕು ತಪ್ಪೆಂದು ಆಮೇಲೆ ಕಂಡಿತು. ಈ ಎರಡನೆಯವನಿಗೆ ಪೂರ್ತಿ ಅಂಕ ಬಾರದು, ಲೆಕ್ಕ ಇನ್ನೂ 20 ಉತ್ತರ ಕಡಿಮೆಯಿದೆ. ಆದರೆ ಎಲ್ಲಿ ನಿಂತಿದ್ದಾನೆಂದು ಅವನಿಗೂ ಗೊತ್ತು, ಓದುವವರಿಗೂ ಗೊತ್ತು. ಉಳಿದ 20ನ್ನು ಅವನು ನಾಳೆ ಹುಡುಕಬಲ್ಲ. ಮೊದಲನೆಯವನಿಗೆ ಹುಡುಕಲು ಏನೂ ಉಳಿದಿಲ್ಲ.