ವಾರಕ್ಕೊಂದು ನೀಲಿ ಮಾತ್ರೆ: ಮಕ್ಕಳ ರಕ್ತಹೀನತೆ ತಡೆಯಲು ಶಾಲೆಯ ನೆರವು

ನಿಮ್ಮ ಮಗ ಅಥವಾ ಮಗಳು ಸರ್ಕಾರಿ ಇಲ್ಲವೇ ಅನುದಾನಿತ ಶಾಲೆಯಲ್ಲಿ 6ರಿಂದ 12ನೇ ತರಗತಿಯೊಳಗೆ ಓದುತ್ತಿದ್ದರೆ, ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯ ವಿಷಯ ನಿಮ್ಮ ಕಿವಿಗೆ ಬಿದ್ದಿರಬಹುದು. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಇದರ ಜೊತೆಗೆ ವರ್ಷಕ್ಕೆರಡು ಬಾರಿ ಜಂತುಹುಳುವಿಗೆ ಅಲ್ಬೆಂಡಜೋಲ್ ಮಾತ್ರೆಯನ್ನೂ ಕೊಡುತ್ತಾರೆ. ಕೊಕ್ಕೆಹುಳು ಕರುಳಿನಲ್ಲಿ ಕುಳಿತು ರಕ್ತ ಹೀರುತ್ತಿದ್ದರೆ ಕಬ್ಬಿಣ ಕೊಟ್ಟೂ ಹೆಚ್ಚು ಪ್ರಯೋಜನವಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59ರಷ್ಟು, ಹುಡುಗರಲ್ಲಿ ಶೇ. 31ರಷ್ಟು ಮಂದಿಗೆ ರಕ್ತಹೀನತೆ ಇದೆ. ಈ ವಯಸ್ಸಿನಲ್ಲಿ ದೇಹ ವೇಗವಾಗಿ ಬೆಳೆಯುತ್ತದೆ, ಹುಡುಗಿಯರಿಗೆ ಮುಟ್ಟಿನಲ್ಲಿ ರಕ್ತವೂ ಹೋಗುತ್ತದೆ. ಸದಾ ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, ಪಾಠದಲ್ಲಿ ಗಮನ ನಿಲ್ಲದಿರುವುದು ಇದರ ಲಕ್ಷಣಗಳು. ಮನೆಯಲ್ಲಿ ನಾವು ಇದನ್ನು ಸೋಮಾರಿತನ ಎನ್ನುತ್ತೇವೆ, ಇಲ್ಲವೇ ಮೊಬೈಲ್ ಮೇಲೆ ತಪ್ಪು ಹಾಕುತ್ತೇವೆ.

ಮಾತ್ರೆಯನ್ನು ಮನೆಗೇ ಕೊಟ್ಟು ಕಳಿಸಬಹುದಲ್ಲವೇ? ಕಳಿಸಿದರೆ ಅದು ಸ್ಕೂಲ್ ಬ್ಯಾಗಿನಲ್ಲೇ ಉಳಿದುಬಿಡುತ್ತದೆ. ಆದ್ದರಿಂದ ಮಧ್ಯಾಹ್ನದ ಊಟದ ನಂತರ, ಶಿಕ್ಷಕರ ಎದುರಿಗೇ ನುಂಗಿಸಬೇಕೆಂಬ ಕ್ರಮವಿದೆ. ಖಾಲಿ ಹೊಟ್ಟೆಯಲ್ಲಿ ತೆಗೆದುಕೊಂಡರೆ ಹೊಟ್ಟೆನೋವು, ವಾಕರಿಕೆ ಹೆಚ್ಚು. ಮಲ ಕಪ್ಪಾಗುವುದು ಸಹಜ. ಒಂದು ಮಗು ವಾಂತಿ ಮಾಡಿದರೆ ಭಯದಿಂದ ಇಡೀ ತರಗತಿಗೇ ಹೊಟ್ಟೆ ತೊಳಸಬಹುದು. ಶಿಕ್ಷಕರು ಮೊದಲೇ ವಿವರಿಸಿ, ತಾವೂ ಒಂದು ಮಾತ್ರೆ ನುಂಗಿ ತೋರಿಸಿದರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ನೀವು ಶಾಲೆಗೆ ತಿಳಿಸಲೇಬೇಕಾದ ವಿಷಯವೊಂದಿದೆ. ಮಗುವಿಗೆ ಥಲಸ್ಸೇಮಿಯಾ ಅಥವಾ ಸಿಕಲ್ ಸೆಲ್ ಕಾಯಿಲೆ ಇದ್ದರೆ ವೈದ್ಯರನ್ನು ಕೇಳದೆ ಕಬ್ಬಿಣದ ಮಾತ್ರೆ ಕೊಡಬಾರದು. ಆ ದಿನ ಜ್ವರವಿದ್ದರೂ ಮಾತ್ರೆ ಬೇಡ. ಶಾಲೆಯಿಂದ ಬಂದ ಚೀಟಿ ಮರಾಠಿಯಲ್ಲೋ ತಮಿಳಿನಲ್ಲೋ ಇದ್ದು ಓದಲು ಬಾರದಿದ್ದರೆ, ಸುಮ್ಮನೆ ಸಹಿ ಹಾಕಿ ಕಳಿಸಬೇಡಿ, ಕೇಳಿ ತಿಳಿದುಕೊಳ್ಳಿ. ಆಯುಷ್ಮಾನ್ ಭಾರತ್ ಶಾಲಾ ಆರೋಗ್ಯ ಕಾರ್ಯಕ್ರಮ ಜಾರಿಯಲ್ಲಿರುವ ಶಾಲೆಗಳಲ್ಲಿ ಇಂಥ ವಿಷಯಗಳಿಗೆಂದೇ ತರಬೇತಿ ಪಡೆದ ಇಬ್ಬರು ಶಿಕ್ಷಕರಿರುತ್ತಾರೆ.

ಈ ಮಾತ್ರೆ ರಕ್ತಹೀನತೆ ಬಾರದಂತೆ ತಡೆಯಲು. ಈಗಾಗಲೇ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ (15 ದಾಟಿದ ಹುಡುಗರಿಗೆ 13) ವಾರಕ್ಕೊಂದು ಸಾಲದು, ವೈದ್ಯರು ಬೇರೆ ಪ್ರಮಾಣದಲ್ಲಿ ಔಷಧಿ ಕೊಡುತ್ತಾರೆ. ಪ್ಯಾಡ್ ಬೇಗಬೇಗ ತುಂಬುತ್ತಿದೆಯೇ, ಮುಟ್ಟು ಏಳು ದಿನ ಮೀರುತ್ತಿದೆಯೇ ಎಂದು ಮಗಳನ್ನು ಕೇಳಿ ನೋಡಿ. ಹೌದಾದರೆ ಅದನ್ನೂ ವೈದ್ಯರಿಗೆ ಹೇಳಿ.

ಖಾಸಗಿ ಶಾಲೆಗಳಲ್ಲಿ ಸಾಮಾನ್ಯವಾಗಿ ಈ ಮಾತ್ರೆ ಕೊಡುವುದಿಲ್ಲ. ಆದರೆ ದೊಡ್ಡ ಫೀಸು ಕಟ್ಟುವ ಮನೆಯ ಮಕ್ಕಳಿಗೆ ರಕ್ತಹೀನತೆ ಬರುವುದಿಲ್ಲವೆಂದೇನಿಲ್ಲ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸುವಂತೆ ಪೋಷಕರ ಸಭೆಯಲ್ಲಿ ಕೇಳಬಹುದು. ಮನೆಯಲ್ಲಿ ಹುರಳಿ ಸಾರು, ನುಗ್ಗೆಸೊಪ್ಪಿನ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ ಬಡಿಸಿ. ಊಟವಾದ ಕೂಡಲೇ ಕಾಫಿ, ಚಹಾ ಬೇಡ. ಅವು ಕಬ್ಬಿಣವನ್ನು ದೇಹಕ್ಕೆ ಸರಿಯಾಗಿ ಸೇರಲು ಬಿಡುವುದಿಲ್ಲ. ಒಂದು ಗಂಟೆಯಾದರೂ ಬಿಟ್ಟು ಕುಡಿಯಲಿ.